ಟೊಪ್ಪಿಗೆ ಬಿಲ್ಲೆಯ ಹಿಂಬದಿ

ಬಾದಾಮಿ
೧೧-೧೧-೧೯೭೯

ಚಿ. ಸೌ. ಗುರುಲಿಂಗವ್ವನಿಗೆ ಅಪ್ಪನ ಆಶೀರ್ವಾದಗಳು.

ನಾನೂ ನಿನ್ನ ಅವ್ವನೂ ಕ್ಷೇಮ. ಇಳಕಲ್ಲಿನಿಂದ ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದುದಕ್ಕೆ ಸಿಟ್ಟಾಗಬೇಡ. 'ಮಾಸ್ತರಿಕಿಯಿಂದ ರಿಟಾಯರ್ ಆದ ಮ್ಯಾಲೂ ಸಂತಿ ಸಂತಿ ತಿರುಗಿ ಸಿಪಾಯಿ ಟೊಪಗಿ ಬಿಲ್ಲಿ ಯಾಕ ಹುಡುಕ್ತೀ ಅಪ್ಪಾ, ಮಂದಿ ನಗ್ತಾರ' ಎಂದು ಬರೆದಿದ್ದೀ. ನಗಲಿ. ಈ ಸಲ ಒಬ್ಬಾಕೆ ನನ್ನನ್ನೇ ಹುಡುಕಿಕೊಂಡು ಬಂದಿದ್ದಳು.

ಕುಳಗೇರಿ ಕ್ರಾಸ್ ಹತ್ತಿರದ ಕುರುಬರ ಹನಮವ್ವ. ಗಂಡ ಕಾಳಪ್ಪ ಬ್ರಿಟಿಷರ ಪಲ್ಟನ್ನಿನಲ್ಲಿದ್ದು ಬರ್ಮಾದಲ್ಲಿ ತೀರಿಕೊಂಡ. ಜೊತೆಗಾರನೊಬ್ಬ ತಂದುಕೊಟ್ಟ ಅವನ ಬಿಲ್ಲೆಯನ್ನು ಮನೆಯವರು ಮನೆದೇವರು ಬೀರಪ್ಪನ ಹಲಗೆಗೆ ಅರಗಿನಿಂದ ಅಂಟಿಸಿ ಪೂಜಿಸುತ್ತ ಬಂದಿದ್ದಾರೆ. ಈಗ ಜಗಳದ ಭರದಲ್ಲಿ ಮೈದುನ ಲಕ್ಷ್ಮಪ್ಪ, 'ಅಣ್ಣ ಸತ್ತಿಲ್ಲ, ಪುಣೇದಾಗ ಬ್ಯಾರೇ ಸಂಸಾರ ಹೂಡ್ಯಾನ. ಆ ಬಿಲ್ಲಿ ಸಂತ್ಯಾಗ ಕೊಂಡದ್ದು' ಎಂದುಬಿಟ್ಟಿದ್ದಾನೆ.

'ಹಂಗಾರ ಇಷ್ಟು ವರ್ಷ ನಾ ಯಾರ ಸಲವಾಗಿ ಕುಂಕುಮ ಅಳಿಸಿಕೊಂಡೇನ್ರಿ?' ಎಂದಳು ಹನಮವ್ವ.

ಹೋದೆ. ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಬಿಲ್ಲೆಯ ಮೋರೆ ಬೋಳಾಗಿದೆ. ಅಕ್ಷರವಿಲ್ಲ, ಗೆರೆಯಿಲ್ಲ. ಆದರೆ ತಿಕ್ಕಿದರೆ ಮೈ ಸವೆಯುತ್ತದೆ, ಅಂಚು ಅಷ್ಟು ಬೇಗ ಸವೆಯುವುದಿಲ್ಲ. ಅಂಚಿನ ಆಕಾರದಲ್ಲೇ ಗುರುತು ಸಿಕ್ಕಿತು: ಒಂದು ಕಹಳೆ, ಅದರ ಮೇಲೆ ಗುಂಡಗಿನ ಕಿರೀಟ, ಅದರ ತುದಿಯಲ್ಲಿ ಚಿಕ್ಕ ಶಿಲುಬೆ. ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಸಿಂಹಗಳು ಬಂದವು. 'ಇದು ಬ್ರಿಟಿಷರ ಕಾಲದ್ದೇ' ಎಂದು ಖಚಿತವಾಗಿ ಹೇಳಿದೆ.

'ಕಾಲ ಖರೆ ಇರಬಹುದ್ರಿ ಮಾಸ್ತರ,' ಎಂದ ಲಕ್ಷ್ಮಪ್ಪ. 'ಆದ್ರ ಯಾರ ತಲಿಮ್ಯಾಲಿಂದು? ಅದನ್ನೂ ಹೇಳತೈತೇನು ನಿಮ್ಮ ಕಿರೀಟ?'

ಕಿರೀಟ ಹೇಳುವುದಿಲ್ಲ, ಹಿಂಬದಿ ಹೇಳಬಹುದು ಎಂದೆ. ಕಳ್ಳತನಕ್ಕೆ ಹೆದರಿ ಸಿಪಾಯಿಗಳು ಅಲ್ಲಿ ತಮ್ಮ ನಂಬರು ಗೀಚಿರುತ್ತಾರೆ. ಆದರೆ ದೇವರ ಹಲಗೆಯಿಂದ ಕೀಳುವವರು ಯಾರು? ಎಲ್ಲರೂ ಹಿಂದೆ ಸರಿದರು.

'ಕೀಳ್ರಿ,' ಎಂದಳು ಹನಮವ್ವ. 'ಖೋಟಾ ಇದ್ರ ದೇವರ ಮುಂದ ಯಾಕ ಇರಬೇಕು?'

ಅರಗು ಕಾಸಿ ಬಿಡಿಸಿದೆ. ನಂಬರಿರಲಿಲ್ಲ. ಎರಡು ಓರೆ ಗೀರು, ಪಕ್ಕದಲ್ಲೊಂದು ಆಳವಾದ ಚುಕ್ಕೆ. ಯಾರದೋ ಉಳಿ ಜಾರಿರಬೇಕು ಎಂದುಕೊಂಡೆ. ಅದನ್ನು ಕೈಗೆ ತೆಗೆದುಕೊಂಡು ನೋಡಿದ ಲಕ್ಷ್ಮಪ್ಪ ಗೀರುಗಳ ಮೇಲೆ ಬೆರಳಾಡಿಸಿದ.

'ಇದು ನಮ್ಮ ಕುರಿ ಕಿವಿ ಗುರುತು. ಎರಡು ಸೀಳು, ಒಂದು ತೂತು. ನಮ್ಮ ಹಿಂಡಿಂದು... ಅಣ್ಣಗ ಬರಿಯಾಕ ಬರತಿದ್ದಿಲ್ಲ.'

ಹನಮವ್ವ ಅಳಲಿಲ್ಲ. 'ಈಗರ ಬಾಯಿ ಮುಚ್ಚತಿ, ಲಕ್ಷ್ಮಪ್ಪಾ?' ಎಂದು ಬಿಲ್ಲೆ ಕಸಿದುಕೊಂಡು ನನ್ನ ಕೈಗಿಟ್ಟಳು. 'ಮಾಸ್ತರ, ತಿರುವಿ ಕೂಡಸ್ರಿ. ಇನ್ನ ತಿಕ್ಕೂದಿಲ್ಲ.'

ಅಳಿಯಂದಿರಿಗೆ ಶರಣು ತಿಳಿಸು. ಕೂಸಿಗೆ ನನ್ನ ಮುತ್ತು. ಬಸವಣ್ಣ ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ ಅಪ್ಪ
ಅಂದಪ್ಪ

ತಾ.ಕ.: ಯಾಕೆ ಹುಡುಕುತ್ತೀ ಎಂದು ಕೇಳಿದ್ದೀಯಲ್ಲ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ನಿನ್ನ ಅಣ್ಣ ಅಮಾತೆಪ್ಪ ಬರಲಿಲ್ಲ, ಅವನ ಟ್ರಂಕು ಬಂತು. ಬಟ್ಟೆ, ಕ್ಷೌರದ ಸಾಮಾನು, ಟೊಪ್ಪಿಗೆ ಎಲ್ಲ ಇತ್ತು. ಟೊಪ್ಪಿಗೆಯ ಬಿಲ್ಲೆ ಇರಲಿಲ್ಲ. ನಿನಗಾಗಲಿ ನಿನ್ನ ಅವ್ವನಿಗಾಗಲಿ ನಾನು ಹೇಳಿಲ್ಲ. ಅದಕ್ಕೇ ಕೈಗೆ ಸಿಕ್ಕ ಪ್ರತಿಯೊಂದನ್ನೂ ಮೊದಲು ತಿರುವಿ ನೋಡುತ್ತೇನೆ. ನಮ್ಮ ಮನೆಯಲ್ಲಿ ಕುರಿಯಿರಲಿಲ್ಲ, ಗುರುತೂ ಇರಲಿಲ್ಲ. ಆದರೂ ಅವನು ಏನಾದರೂ ಗೀಚಿದ್ದರೆ ನನಗೆ ತಿಳಿಯುತ್ತದೆ.