ಕೆಂಪು ಕೊಡೆ

ಅಘನಾಶಿನಿ,
ಜುಲೈ 10, 2024

ಪ್ರೀತಿಯ ವಿನುತಾ,

ಎಂತ ಮಾರಾಯ್ತಿ, ಆರಾಮಾ? ಭಟ್ಕಳದ ಶಾಲೆ, ಮಕ್ಕಳು, ಎಲ್ಲ ಹೇಗಿದೆ? ಎಂಟು ವರ್ಷ ಒಂದು ಸಾಲೂ ಬರೆಯದವ ಈಗ ಬರೆದಿದ್ದಾನೆ, ಏನೋ ಕೆಲಸ ಇರಬೇಕು ಅಂತ ನಗಬೇಡ. ತಪ್ಪಾಯ್ತು. ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಕಾಗದವನ್ನಾದರೂ ಒಡೆದು ಓದುತ್ತೀ ಅಂತ ಒಂದು ಧೈರ್ಯ.

ಕೆಲಸ ಇದೆ, ಹೌದು. ನಮ್ಮ ಬ್ಯಾಂಡು ಮತ್ತೆ ಸೇರಿದೆ! ಮಳೆಗಾಲಕ್ಕೆ ಬೋಟುಗಳೆಲ್ಲ ದಡದಲ್ಲಿವೆ, ತದಡಿಯ ಐಸ್ ಫ್ಯಾಕ್ಟರಿ ಬಂದ್ ಆಗಿದೆ. ಅದೇ ಹಳೇ ಶೆಡ್ಡಿನಲ್ಲಿ ನೀನು ಬರೆದು ಹಾಡಿದ ‘ಕೆಂಪು ಕೊಡೆ’ಯನ್ನೇ ಹೊಸದಾಗಿ ರೆಕಾರ್ಡ್ ಮಾಡುತ್ತಿದ್ದೇವೆ. ಬಲೆ ಎಳೆದೆಳೆದು ಜಟ್ಟಿಯ ಭುಜ ಹೋಗಿದೆ, ಮೊದಲಿನ ಹಾಗೆ ಡ್ರಮ್ ಬಾರಿಸಲು ಆಗುವುದಿಲ್ಲ. "ನಿಧಾನ ಮಾಡ್ವ, ಹಾಡೆಂತ ಓಡಿ ಹೋಗ್ತದಾ?" ಅಂದ. ಆತು ಅಂದೆ. ಆಗಿನ ನಮ್ಮ ಗಲಾಟೆಯಲ್ಲಿ ನಿನ್ನ ಒಂದು ಶಬ್ದವಾದರೂ ಯಾರಿಗೆ ಕೇಳುತ್ತಿತ್ತು? ಸದ್ಯಕ್ಕೆ ಗುರುತಿಗೆ ಅಂತ ನಾನೇ ಹಾಡಿಟ್ಟಿದ್ದೇನೆ. ಕೋಣ ಕೂಗಿದ ಹಾಗಿದೆ.

ನೀನಿಲ್ಲದೆ ಶೆಡ್ಡು ಬಿಕೋ ಅನ್ನುತ್ತದೆ. ನೆನಪಿದೆಯಾ, ನಾನು ಹೊಳೆ ದಾಟಿ ಬರುವ ಹೊತ್ತಿಗೆ ನೀನು ದಿನಾ ಆ ಕೆಂಪು ಕೊಡೆ ಹಿಡಿದು ದೋಣಿ ನಿಲ್ಲುವ ದಕ್ಕೆಯಲ್ಲಿ ನಿಂತಿರುತ್ತಿದ್ದೆ. ಗಿಟಾರ್ ನೆನೆಯಬಾರದು ಅಂತ ನಾನು ಕೊಡೆ ಕಸಿದುಕೊಂಡು ಮುಂದೆ ಓಡುತ್ತಿದ್ದೆ, ನೀನು ತೊಯ್ದು ತೊಪ್ಪೆಯಾಗಿ ಹಿಂದೆ. ಒಂದು ದಿನವೂ ಬೈಯಲಿಲ್ಲವಲ್ಲೇ! ಈಗಲೂ ದೋಣಿ ಇಳಿಯುವಾಗ ಕಣ್ಣು ನಿನ್ನನ್ನು ಹುಡುಕುತ್ತದೆ.

ಭಾನುವಾರ ಬಾ. ಕುಮಟಾ ಬಸ್ ಸ್ಟ್ಯಾಂಡಿಗೆ ನಾನೇ ಬೈಕ್ ತರುತ್ತೇನೆ. ಆ ಹಾಡು ನಿನ್ನ ಗಂಟಲಿಗೇ ಸರಿ, ಇಲ್ಲ ಅನ್ನಬೇಡ. ನನ್ನ ಹೆಂಡತಿ ಸುಷ್ಮಾ ಮೀನುಸಾರು ಮಾಡುತ್ತೇನೆ ಅಂದಿದ್ದಾಳೆ. "ಆ ಹುಡ್ಗಿ ಎಲ್ಲಿದ್ರೂ ತಣ್ಣಗಿರ್ಲಿ" ಅಂತ ಅಮ್ಮ ಹೇಳಿದ್ದಾಳೆ, ಅದು ಅವಳ ಆಶೀರ್ವಾದ.

ನಿನ್ನ,
ನರೇಶ

ತಾ.ಕ.: ಇದನ್ನು ನಿನ್ನೆ ಬರೆದು ಪೋಸ್ಟ್ ಮಾಡದೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಸುಷ್ಮಾ ದೋಸೆ ಎರೆಯುತ್ತಾ ನಾನು ಹಾಡಿಟ್ಟದ್ದನ್ನು ಕೇಳಿದಳು.

‘ಕೆಂಪು ಕೊಡೆ ಹಿಡಿದು ದಕ್ಕೆಯಲಿ ನಿಂತೆ,
ಕೊಡೆಯಷ್ಟೇ ಕಂಡೆ ನೀ, ನನ್ನ ಕಾಣದೆ ಹೋದೆ.’

ದೋಸೆ ಮಗುಚುವುದನ್ನೇ ಬಿಟ್ಟಳು. "ಅಲ್ರೀ, ಇದು ನಿಮ್ಗೇ ಬರ್ದದ್ದು ಅಲ್ದಾ? ನಮ್ಮ ಮದ್ವೇಲಿ ನೀವು ಅವ್ರ ಹತ್ರ ಹಾಡ್ಸಿದ್ದು ಇದನ್ನೇ ಅಲ್ದಾ?"

ನಾನೇ ಬಾಯಿಬಿಟ್ಟು ಹಾಡಿದ್ದೆ ವಿನುತಾ, ಆದರೂ ತಲೆಗೆ ಹೋಗಿರಲಿಲ್ಲ. ಹೊನ್ನಾವರದ ಆ ಮದುವೆ ಹಾಲ್‌ನಲ್ಲಿ ನೀನು ಗಂಟಲು ಸರಿಯಿಲ್ಲ ಅಂದಿದ್ದೆ. "ಸೊಕ್ಕು ಮಾಡ್ಬೇಡ, ಹಾಡು" ಅಂತ ಎಲ್ಲರೆದುರು ಗದರಿಸಿದವ ನಾನು. ನೀನು ಹಾಡಿದೆ, ಕೊನೆಯ ಸಾಲಿನ ತನಕ ಹಾಡಿದೆ. ಆಮೇಲೆ ಎಲ್ಲೂ ಹಾಡಲಿಲ್ಲ.

ಭಾನುವಾರ ಬರಬೇಡ. ಅದನ್ನು ಇನ್ನೊಮ್ಮೆ ಹಾಡು ಅಂತ ನಿನ್ನನ್ನು ಕೇಳುವ ಮುಖ ನನಗಿಲ್ಲ.