ಅವ್ವ ಹೇಳದ ಸೊಪ್ಪು

೧೬ ಆಗಸ್ಟ್ ೧೯೯೪, ಮಂಗಳವಾರ

ಸಗರದ ಸಾಯಬಮ್ಮ ಇವತ್ತೂ ಬಂದಿದ್ದಳು. ಮಗಳ ಕಣ್ಣು ಅರಿಶಿನದಂತಾಗಿದೆ. "ನಿಮ್ಮವ್ವನ ಕಾಮಣಿ ಔಷಧ ಕೊಡ್ರಿ ಯಕ್ಕಾ, ಕೂಸು ಏನೂ ತಿನ್ನವಲ್ದು," ಎಂದು ಅತ್ತಳು.

ಎಲ್ಲಿಂದ ಕೊಡಲಿ? ಹೆಸರು ಬಾಯಿಬಿಟ್ಟರೆ ಗುಣ ಹೋಗುತ್ತದೆಂದು ಅವ್ವ ಆ ಸೊಪ್ಪು ಯಾವುದೆಂದು ನನಗೂ ಹೇಳಲಿಲ್ಲ. ಸಾಯುವ ಮುಂದೆ ಕಿವಿಯಲ್ಲಿ ಹೇಳಬೇಕಂತೆ. ಈಗ ಲಕ್ವ ಹೊಡೆದು ಮಾತೇ ನಿಂತಿದೆ. ಹಾಳು ಪದ್ಧತಿ!

ಗುಡ್ಡದಿಂದ ಕಂಡ ಕಂಡ ಸೊಪ್ಪು ತಂದು ಅವ್ವನ ಮೂಗಿಗೆ ಹಿಡಿದೆ. ಅಲ್ಲವೆಂದು ತಲೆಯಾಡಿಸಿ ಕಾಲುವೆಯ ಕಡೆ ಕೈ ತೋರಿಸಿದಳು. ನೀರು ಬೇಕೇನೋ ಎಂದು ಕುಡಿಸಲು ಹೋದೆ. ಲೋಟ ತಳ್ಳಿ ಮತ್ತೆ ಅತ್ತಲೇ ತೋರಿಸಿದಳು.

ಬರೆಯಲು ಕುಳಿತಾಗ ಈಗ ಹೊಳೆಯಿತು. ಬೇಸಿಗೆಯಲ್ಲಿ ಗುಡ್ಡದ ಬುಡ ಅಗೆದು ಕಾಲುವೆ ತೆಗೆದರಲ್ಲ, ಅವ್ವ ಸೊಪ್ಪಿಗೆ ಹೋಗುತ್ತಿದ್ದ ಹಳ್ಳ ಅಲ್ಲೇ ಇತ್ತು; ಸೊಪ್ಪೂ ಅದರ ಜೊತೆಗೇ ಹೋಯಿತು.

ಸಾಯಬಮ್ಮನಿಗೆ ನಾಳೆ ಬಾ ಅಂದಿದ್ದೇನೆ.