ಕ್ಯಾರವಾನ್ ಹೊರಡದ ಚಳಿಗಾಲ

ಒರೆಸ್ಟ್,

ಹೃದಯದ ಸ್ಕ್ಯಾನಿಂಗ್‌ಗೆ ಹೊರಟೆ, ತಂಗಿ ಕಾರಿನಲ್ಲಿ ಕರೆದೊಯ್ಯುತ್ತಾಳೆ. ಬೀಟ್‌ರೂಟ್ ಸೂಪು ಒಲೆಯ ಮೇಲಿದೆ. ಬಿಸಿ ಮಾಡಿಕೊಂಡು ಕುಡಿ, ಪಾತ್ರೆಗೇ ಬಾಯಿ ಹಾಕಬೇಡ.

ಅರಿಜೋನಾದ ಪಾರ್ಕಿಗೆ ಫೋನ್ ಮಾಡಿ, ಚಳಿಗಾಲಕ್ಕೆ ಕ್ಯಾರವಾನ್ ನಿಲ್ಲಿಸಲು ಕಾದಿರಿಸಿದ್ದ ನಮ್ಮ ಜಾಗ ಬೇರೆಯವರಿಗೆ ಕೊಡಲು ಹೇಳು. ಡಾಕ್ಟರು ಮತ್ತೆ ನನ್ನ ಮಾತ್ರೆ ಬದಲಾಯಿಸಿದ್ದಕ್ಕೆ, ಮೂರು ತಿಂಗಳು ಕಾಯದೆ ದೇಶದ ಗಡಿ ದಾಟಿದರೆ ಆಸ್ಪತ್ರೆ ಖರ್ಚಿಗೆ ವಿಮೆ ಇಲ್ಲವಂತೆ. ಅಷ್ಟರಲ್ಲಿ ಅವರು ಇನ್ನೊಂದು ಮಾತ್ರೆ ಬರೆದಿರುತ್ತಾರೆ. ವಿಮೆಯವರ ಜೊತೆ ಜಗಳಕ್ಕೆ ನಿಲ್ಲಬೇಡ, ಪ್ರಯೋಜನವಿಲ್ಲ.

ಚಳಿಗೆ ಒಡೆದಾವೆಂದು ಅಂಗಳದ ಕ್ಯಾರವಾನಿನಲ್ಲಿ ಪ್ರಯಾಣಕ್ಕೆ ತುಂಬಿಟ್ಟಿದ್ದ ಟೊಮೆಟೊ ಡಬ್ಬಿಗಳನ್ನು ಬೆಳಿಗ್ಗೆ ನಾನೇ ಒಳಗೆ ತಂದೆ. ಕೈ ತೊಳೆಯಲು ಅಲ್ಲಿನ ನಲ್ಲಿ ತಿರುಗಿಸಿದರೆ ಗುಲಾಬಿ ಬಣ್ಣದ ದ್ರವ ಬಂತು. ಎಲ್ಲೂ ಹೋಗದೆ ಚಳಿಗಾಲವೆಲ್ಲ ಇಲ್ಲೇ ಉಳಿಯುವವರು, ಕೊಳವೆ ಹೆಪ್ಪುಗಟ್ಟಿ ಒಡೆಯದಿರಲೆಂದು ಅದನ್ನು ತುಂಬಿಸುವುದು.

ಯಾವಾಗ ತುಂಬಿಸಿದೆಯೋ? ದಿನಾ ಸಂಜೆ ಮೇಜಿನ ಮೇಲೆ ನಕ್ಷೆ ಹರಡಿ, "ಈ ಸಲ ಹೊರಟೇಬಿಡೋಣ ಕಣೇ" ಅನ್ನುತ್ತಿದ್ದೆಯಲ್ಲ! ನಿನ್ನ ಮನಸ್ಸು ನೋಯಬಾರದೆಂದು ನಾನೂ ಹೂಂಗುಟ್ಟುತ್ತಿದ್ದೆ.

ನಕ್ಷೆ ಮಡಚಿಡಬೇಡ. ನಿನ್ನೆ ಅದರ ಮೇಲೆ ಬೆರಳಿಟ್ಟು ಯೂಟಾದವರೆಗೆ ಬಂದಿದ್ದೆವು, ಅರಿಜೋನಾಕ್ಕೆ ಇನ್ನೊಂದೇ ಗೇಣು.

ವೆರ್ನಾ